ರಾಡ್ ಸರ್ಲಿಂಗ್: ಮುಚ್ಚಂಜೆಯ ಸೀಮೆಯ ಕಥೆಗಾರ

ಒಳ್ಳೆಯ ಪುಸ್ತಕವನ್ನು ಎರಡನೆಯ ಸಲ ಓದಬೇಕೆಂದು ಹಿರಿಯರು ಹೇಳುವುದುಂಟು. ಮೊದಲನೆಯ ಓದು ಕಥೆಗಾಗಿ, ಎರಡನೆಯ ಓದು ನಮಗಾಗಿ. ಈ ಮಾತು ಪುಸ್ತಕಕ್ಕೆ ಮಾತ್ರವಲ್ಲ, ಟೆಲಿವಿಷನ್ ಪರದೆಯ ಮೇಲೆ ಅರ್ಧ ಗಂಟೆಯಲ್ಲಿ ಆಗಿ ಹೋಗುವ ಒಂದು ಕಥೆಗೂ ಸಲ್ಲುತ್ತದೆಂದು ನನಗೆ ತಿಳಿದದ್ದು ಈಚೆಗೆ. ಕಳೆದ ಬೇಸಿಗೆಯ ರಜೆಯಲ್ಲಿ ನಮ್ಮೂರಾದ ನಿಡಘಟ್ಟದಲ್ಲಿ ಒಂದು ಸಂಜೆ ಗಾಳಿಮಳೆ ಬಂದು ಕರೆಂಟು ಹೋಗಿತ್ತು. ಜಗಲಿಯ ಮೇಲೆ ಕುಳಿತು, ಹುಡುಗನಾಗಿದ್ದಾಗ ಸೋದರಮಾವ ತೋರಿಸಿದ್ದ ಹಳೆಯ ಅಮೆರಿಕನ್ ಕಥಾಮಾಲೆಯ ಒಂದು ಕಂತನ್ನು ಮೊಬೈಲಿನಲ್ಲಿ ಮತ್ತೆ ನೋಡಿದೆ. ಕಥಾಮಾಲೆಯ ಹೆಸರು ‘ದಿ ಟ್ವೈಲೈಟ್ ಜೋನ್’. ನಮ್ಮ ಮಾತಿನಲ್ಲಿ ಹೇಳುವುದಾದರೆ ಮುಚ್ಚಂಜೆಯ ಸೀಮೆ. ಅದನ್ನು ಕಟ್ಟಿದವನು ರಾಡ್ ಸರ್ಲಿಂಗ್. ಆ ಕಂತು ಮುಗಿದ ಮೇಲೆ ಅದನ್ನು ಬರೆದ ಮನುಷ್ಯನ ಜೀವನವನ್ನು ತಿಳಿಯಬೇಕೆನಿಸಿತು. ತಿಳಿದಷ್ಟನ್ನು ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಸರ್ಲಿಂಗನು 1924ನೆಯ ಇಸವಿ ಡಿಸೆಂಬರ್ 25ರಂದು ನ್ಯೂಯಾರ್ಕ್ ಸಂಸ್ಥಾನದ ಸಿರಕ್ಯೂಸ್ ನಗರದಲ್ಲಿ ಒಂದು ಯೆಹೂದಿ ಕುಟುಂಬದಲ್ಲಿ ಜನಿಸಿದನು. ಬೆಳೆದದ್ದು ಅದೇ ಸಂಸ್ಥಾನದ ಬಿಂಗ್‌ಹ್ಯಾಮ್‌ಟನ್ ಎಂಬ ಪಟ್ಟಣದಲ್ಲಿ. ತಂದೆ ಅಂಗಡಿ ಇಟ್ಟಿದ್ದವನು. ಅಣ್ಣ ರಾಬರ್ಟ್ ಮುಂದೆ ವಿಮಾನಗಳ ವಿಷಯವಾಗಿ ಬರೆದು ಹೆಸರಾದನು. ತಮ್ಮನಾದರೋ ಚಿಕ್ಕಂದಿನಿಂದ ಬಾಯಾಳಿ. ಗಿಡ್ಡ ಆಳು, ಎತ್ತರ ಐದಡಿ ನಾಲ್ಕಂಗುಲ. ಆದರೆ ಛಲಕ್ಕೆ ಕೊರತೆ ಇರಲಿಲ್ಲ. 1943ರಲ್ಲಿ ಪ್ರೌಢಶಾಲೆಯ ಓದು ಮುಗಿದದ್ದೇ ತಡ, ಸೈನ್ಯಕ್ಕೆ ಸೇರಿದನು. ವಿಮಾನದಿಂದ ಕೊಡೆ ಕಟ್ಟಿಕೊಂಡು ಧುಮುಕುವ ದಳವೇ ಬೇಕೆಂದು ಪಟ್ಟು ಹಿಡಿದು ಅಲ್ಲಿಯೇ ಸೇರಿಕೊಂಡನು. ಸೈನ್ಯದಲ್ಲಿ ಮುಷ್ಟಿಯುದ್ಧವನ್ನೂ ಆಡಿದನು.

ಯುದ್ಧ ಅವನನ್ನು ಫಿಲಿಪೈನ್ಸ್ ದ್ವೀಪಗಳಿಗೆ ಕೊಂಡೊಯ್ದಿತು. ಲೇಟೆಯ ಕಾಡುಗಳಲ್ಲಿಯೂ ಮನಿಲಾ ನಗರದ ಬೀದಿಗಳಲ್ಲಿಯೂ ಅವನು ಸಾವನ್ನು ಹತ್ತಿರದಿಂದ ಕಂಡನು. ಹಸಿದ ಸೈನಿಕರಿಗೆಂದು ವಿಮಾನದಿಂದ ಎಸೆದ ಆಹಾರದ ಪೆಟ್ಟಿಗೆಯೊಂದು ಅವನ ಕಣ್ಣೆದುರೇ ಗೆಳೆಯನೊಬ್ಬನ ಮೇಲೆ ಬಿದ್ದು ಆತನ ಪ್ರಾಣ ತೆಗೆಯಿತು. ಅನ್ನವೇ ಮೃತ್ಯುವಾಗಿ ಬಂದ ಈ ವಿಪರೀತವನ್ನು ಸರ್ಲಿಂಗನು ಮರೆಯಲಿಲ್ಲ. ಅವನ ಕಥೆಗಳಲ್ಲಿ ವಿಧಿ ಹೀಗೆ ವಕ್ರವಾಗಿ ನಡೆಯುವುದನ್ನು ಕಂಡವರಿಗೆ ಅದರ ಮೂಲ ಎಲ್ಲಿಯದೆಂದು ಊಹಿಸುವುದು ಕಷ್ಟವಲ್ಲ. ಅವನ ಮಣಿಕಟ್ಟಿಗೂ ಮೊಣಕಾಲಿಗೂ ಗಾಯಗಳಾದುವು. ಅವನಿನ್ನೂ ದೂರದೇಶದಲ್ಲಿದ್ದಾಗಲೇ, 1945ರಲ್ಲಿ, ಐವತ್ತೆರಡು ವರ್ಷದ ತಂದೆ ಹೃದಯಾಘಾತದಿಂದ ತೀರಿಕೊಂಡನು. ಪದಕಗಳೊಡನೆ ಅವನು ಮನೆಗೆ ತಂದದ್ದು ಕೆಟ್ಟ ಕನಸುಗಳನ್ನು. ಅವು ಬದುಕಿನುದ್ದಕ್ಕೂ ಅವನನ್ನು ಬಿಡಲಿಲ್ಲ.

ಯುದ್ಧದಿಂದ ಮರಳಿದವರಿಗೆ ಅಮೆರಿಕದ ಸರ್ಕಾರ ಓದಿನ ಖರ್ಚು ಕೊಡುತ್ತಿತ್ತು. ಅದರ ನೆರವಿನಿಂದ ಸರ್ಲಿಂಗನು ಒಹಾಯೊ ಸಂಸ್ಥಾನದ ಆಂಟಿಯೋಕ್ ಕಾಲೇಜಿಗೆ ಸೇರಿದನು. ಮೊದಲು ವ್ಯಾಯಾಮ ಶಿಕ್ಷಣ ಹಿಡಿದವನು ಬಳಿಕ ಸಾಹಿತ್ಯಕ್ಕೆ ಬಂದನು. ಅಲ್ಲಿಯೇ ಪರಿಚಯವಾದ ಕ್ಯಾರೊಲ್ ಕ್ರೇಮರ್ ಎಂಬಾಕೆಯನ್ನು 1948ರಲ್ಲಿ ಮದುವೆಯಾದನು. ಕೈಯಲ್ಲಿ ಕಾಸಿಲ್ಲದ ದಿನಗಳು. ಹೊಸ ಮಾದರಿಯ ಕೊಡೆಗಳನ್ನು ಪರೀಕ್ಷಿಸಲು ವಿಮಾನದಿಂದ ಧುಮುಕಿ, ಒಂದು ಧುಮುಕಿಗೆ ಐವತ್ತು ಡಾಲರಿನಂತೆ ಕೂಲಿ ಪಡೆಯುತ್ತಿದ್ದನು. 1950ರಲ್ಲಿ ಪದವಿ ದೊರೆಯಿತು. ಸಿನ್‌ಸಿನ್ಯಾಟಿಯ ರೇಡಿಯೋ ನಿಲಯವೊಂದರಲ್ಲಿ ಹಗಲೆಲ್ಲ ಜಾಹೀರಾತು ಮೊದಲಾದವನ್ನು ಬರೆದು, ರಾತ್ರಿ ಊಟದ ಮೇಜಿನ ಮುಂದೆ ಕುಳಿತು ತನ್ನ ನಾಟಕಗಳನ್ನು ಬರೆಯುವುದು ದಿನಚರಿಯಾಯಿತು. ಕಳುಹಿಸಿದವುಗಳಲ್ಲಿ ಅನೇಕವು ಮರಳಿ ಬಂದುವು. ಕೆಲವು ಪ್ರಸಾರವಾದರೂ ಯಾರೂ ಗಮನಿಸಲಿಲ್ಲ.

1955ರ ಜನವರಿ 12ರಂದು ಅವನ ‘ಪ್ಯಾಟರ್ನ್ಸ್’ ಎಂಬ ನಾಟಕ ಪ್ರಸಾರವಾಯಿತು. ದೊಡ್ಡ ಕಂಪನಿಯೊಂದರಲ್ಲಿ ವಯಸ್ಸಾದ ಅಧಿಕಾರಿಯನ್ನು ಒಡೆಯನು ಅವಮಾನದಿಂದ ಹಿಂಡಿ ಹೊರದೂಡುವ ಕಥೆ ಅದು. ಮರುದಿನ ಬೆಳಗಾಗುವಾಗ ಸರ್ಲಿಂಗನು ಪ್ರಸಿದ್ಧನಾಗಿದ್ದನು. ಆ ಕಾಲದ ಟೆಲಿವಿಷನ್ ನಾಟಕಗಳು ನೇರ ಪ್ರಸಾರವಾಗುತ್ತಿದ್ದುವು. ನಮ್ಮೂರ ಹಬ್ಬದ ನಾಟಕದಂತೆ ಆಡಿದ ರಾತ್ರಿಗೇ ಅದು ಮುಗಿಯಿತು, ನೋಡದವರು ನೋಡಲಿಲ್ಲ. ಆದರೆ ‘ಪ್ಯಾಟರ್ನ್ಸ್’ ನಾಟಕವನ್ನು ಜನ ಮತ್ತೆ ಕೇಳಿದರು. ಫೆಬ್ರವರಿ 9ರಂದು ನಟರೆಲ್ಲ ಪುನಃ ಕೂಡಿ ಅದೇ ನಾಟಕವನ್ನು ಮೊದಲಿನಿಂದ ಕೊನೆಯವರೆಗೆ ಎರಡನೆಯ ಸಲ ನೇರವಾಗಿ ಆಡಿದರು. ಇಂದು ನಾವು ಬೆರಳ ತುದಿಯಿಂದ ಮಾಡುವ ಕೆಲಸಕ್ಕೆ ಅಂದು ಒಂದು ಮೇಳವೇ ಮತ್ತೆ ಬಣ್ಣ ಹಚ್ಚಬೇಕಾಗಿತ್ತು. ಮರುವರ್ಷ, ಸೋತ ಮುಷ್ಟಿಮಲ್ಲನೊಬ್ಬನ ಕಥೆಯಾದ ‘ರೆಕ್ವಿಯಂ ಫಾರ್ ಎ ಹೆವಿವೇಟ್’ ಅವನ ಕೀರ್ತಿಯನ್ನು ಸ್ಥಿರಗೊಳಿಸಿತು.

ಕೀರ್ತಿಯ ಜೊತೆಯಲ್ಲಿಯೇ ಕಷ್ಟವೂ ಬಂದಿತು. 1955ರ ಆಗಸ್ಟ್‌ನಲ್ಲಿ ಮಿಸಿಸಿಪಿ ಸಂಸ್ಥಾನದಲ್ಲಿ ಎಮ್ಮೆಟ್ ಟಿಲ್ ಎಂಬ ಹದಿನಾಲ್ಕು ವರ್ಷದ ಕಪ್ಪು ಜನಾಂಗದ ಬಾಲಕನನ್ನು ಬಿಳಿಯರು ಕೊಂದರು. ಬಿಳಿಯರೇ ತುಂಬಿದ್ದ ಪಂಚಾಯ್ತರ ಮಂಡಳಿ ಆರೋಪಿಗಳನ್ನು ನಿರ್ದೋಷಿಗಳೆಂದು ಬಿಟ್ಟಿತು. ಕೊಂದವರಿಗಿಂತಲೂ, ಕೊಂದವರನ್ನು ಮರೆಮಾಡಿಕೊಂಡ ಊರಿನ ಮೌನ ಸರ್ಲಿಂಗನನ್ನು ಕಾಡಿತು. ಅವನು ಅದನ್ನು ಕುರಿತು ನಾಟಕ ಬರೆಯಹೊರಟನು. ಆದರೆ ಟೆಲಿವಿಷನ್ ನಡೆಯುತ್ತಿದ್ದುದು ಜಾಹೀರಾತುದಾರರ ಹಣದಿಂದ. ದಕ್ಷಿಣದ ಗಿರಾಕಿಗಳು ಮುನಿದಾರೆಂಬ ಅಂಜಿಕೆಯಿಂದ ಅವರು ಕಥೆಯನ್ನು ತಿದ್ದಿಸುತ್ತ ಹೋದರು. 1956ರಲ್ಲಿ ಅದು ‘ನೂನ್ ಆನ್ ಡೂಮ್ಸ್‌ಡೇ’ ಎಂಬ ಹೆಸರಿನಿಂದ ಹೊರಬಂದಾಗ, ಸತ್ತವನು ಯಾವನೋ ಪರದೇಶಿಯಾಗಿದ್ದನು. ಊರು ಉತ್ತರದ ನ್ಯೂ ಇಂಗ್ಲೆಂಡಿಗೆ ಸರಿದಿತ್ತು. ದಕ್ಷಿಣದ ನೆನಪು ಬಂದೀತೆಂದು ದೃಶ್ಯದಲ್ಲಿದ್ದ ತಂಪು ಪಾನೀಯದ ಸೀಸೆಗಳನ್ನು ಸಹ ತೆಗೆಸಿದ್ದರು. 1958ರಲ್ಲಿ ಇನ್ನೊಮ್ಮೆ ಯತ್ನಿಸಿದನು. ಆಗ ಕಥೆ ನೂರು ವರ್ಷಗಳಷ್ಟು ಹಿಂದಕ್ಕೆ ಹೋಗಿ, ಕೊಲೆಯಾದವನು ಮೆಕ್ಸಿಕೋದವನಾದನು. ಬೀದಿಯಲ್ಲಿ ನಡೆದ ಅನ್ಯಾಯವನ್ನು ಅದೇ ಬೀದಿಯ ಜನರಿಗೆ ಅದೇ ಹೆಸರಿನಲ್ಲಿ ತೋರಿಸಲಾಗದೆಂದು ಅವನಿಗೆ ಮನವರಿಕೆಯಾಯಿತು.

ಆಗ ಅವನು ಹಿಡಿದ ದಾರಿ ನಮ್ಮ ಹಿಂದಿನವರಿಗೆ ಹೊಸದಲ್ಲ. ರಾಜನ ತಪ್ಪನ್ನು ರಾಜನ ಎದುರು ಹೇಳಲಾಗದವನು ಸಿಂಹದ ಕಥೆಯನ್ನೂ ನರಿಯ ಕಥೆಯನ್ನೂ ಹೇಳುತ್ತಾನೆ. ದುರ್ಗಸಿಂಹನ ‘ಪಂಚತಂತ್ರ’ವನ್ನು ಪಾಠವಾಗಿ ಓದಿದ ನಮಗೆ ಇದು ತಿಳಿದ ಉಪಾಯ. ಸರ್ಲಿಂಗನ ಸಿಂಹ ನರಿಗಳೆಂದರೆ ಅನ್ಯಗ್ರಹದ ಜೀವಿಗಳು, ಮಾತನಾಡುವ ಯಂತ್ರಗಳು, ನಿಂತುಹೋದ ಕಾಲ. ಮಂತ್ರಿಯೊಬ್ಬನು ಹೇಳಬಾರದ್ದನ್ನು ಮಂಗಳ ಗ್ರಹದವನು ಹೇಳಿದರೆ ಯಾವ ಜಾಹೀರಾತುದಾರನೂ ಬೆದರುವುದಿಲ್ಲವೆಂಬುದನ್ನು ಅವನು ಕಂಡುಕೊಂಡನು.

‘ದಿ ಟ್ವೈಲೈಟ್ ಜೋನ್’ 1959ರ ಅಕ್ಟೋಬರ್ 2ರಂದು ಸಿ.ಬಿ.ಎಸ್. ಜಾಲದಲ್ಲಿ ಪ್ರಾರಂಭವಾಯಿತು. ಅದಕ್ಕೆ ಹದಿನೇಳು ದಿನ ಮುಂಚೆಯಷ್ಟೇ, ಸೆಪ್ಟೆಂಬರ್ 15ರಂದು, ದೆಹಲಿಯಲ್ಲಿ ನಮ್ಮ ದೇಶದ ಮೊದಲ ಟೆಲಿವಿಷನ್ ಪ್ರಸಾರ ಪ್ರಯೋಗರೂಪದಲ್ಲಿ ಆರಂಭವಾಗಿತ್ತು. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬರಲು 1981 ಆಗಬೇಕಾಯಿತು. ಸರ್ಲಿಂಗನ ಕಥಾಮಾಲೆ 1964ರವರೆಗೆ ಐದು ಸರಣಿಗಳಲ್ಲಿ 156 ಕಂತುಗಳಾಗಿ ನಡೆಯಿತು. ಅವುಗಳಲ್ಲಿ 92 ಕಂತುಗಳನ್ನು ಅವನೇ ಬರೆದನು. ಉಳಿದವುಗಳಲ್ಲಿ ಬಹುಪಾಲನ್ನು ರಿಚರ್ಡ್ ಮ್ಯಾಥೆಸನ್, ಚಾರ್ಲ್ಸ್ ಬ್ಯೂಮಾಂಟ್ ಮೊದಲಾದವರು ಬರೆದರು. ಮೊದಲ ಸರಣಿಯಲ್ಲಿ ಅವನ ಧ್ವನಿ ಮಾತ್ರ ಕೇಳುತ್ತಿತ್ತು. ಎರಡನೆಯದರಿಂದ ಅವನೇ ಪರದೆಯ ಮೇಲೆ ನಿಂತು, ಸೂತ್ರಧಾರನಂತೆ ಕಥೆಯನ್ನು ಪರಿಚಯಿಸತೊಡಗಿದನು. ಕಪ್ಪು ಉಡುಪು, ಬಿಗಿದ ತುಟಿ, ಅನೇಕ ವೇಳೆ ಕೈಯಲ್ಲೊಂದು ಸಿಗರೇಟು: ಈ ರೂಪವೇ ಜನರ ನೆನಪಿನಲ್ಲಿ ಉಳಿಯಿತು.

ನಾನು ಮತ್ತೆ ನೋಡಿದ ಕಂತು 1960ರ ಮಾರ್ಚ್ 4ರಂದು ಮೊದಲು ಪ್ರಸಾರವಾದದ್ದು. ಮೇಪಲ್ ಬೀದಿಗೆ ರಾಕ್ಷಸರು ಬರಲಿದ್ದಾರೆ ಎಂಬುದು ಅದರ ಹೆಸರಿನ ಅರ್ಥ. ಬೇಸಿಗೆಯ ಒಂದು ಸಂಜೆ ಆ ಬೀದಿಯ ಮೇಲೆ ಬೆಳಕೊಂದು ಗರ್ಜಿಸಿ ಹಾದುಹೋಗುತ್ತದೆ. ಒಡನೆಯೇ ವಿದ್ಯುತ್ತು, ಟೆಲಿಫೋನು, ಮೋಟಾರು ಎಲ್ಲವೂ ನಿಲ್ಲುತ್ತವೆ. ಪೀಟ್ ಎಂಬ ನೆರೆಯವನು ಪಕ್ಕದ ಬೀದಿಯನ್ನು ನೋಡಿಬರಲು ಹೋಗುತ್ತಾನೆ. ಆಗ ಟಾಮಿ ಎಂಬ ಹುಡುಗ ತಾನು ಓದಿದ ಕಥೆಗಳ ನೆನಪಿನಿಂದ ಒಂದು ಮಾತು ಹೇಳುತ್ತಾನೆ: ಅನ್ಯಗ್ರಹದವರು ಬರುವ ಮುಂಚೆ ಮನುಷ್ಯರಂತೆ ಕಾಣುವ ಒಂದು ಸಂಸಾರವನ್ನು ಕಳುಹಿಸಿ ಇಟ್ಟಿರುತ್ತಾರೆಂದು. ಮೊದಲು ಎಲ್ಲರೂ ನಗುತ್ತಾರೆ. ಅಷ್ಟರಲ್ಲಿ ಒಬ್ಬನ ಕಾರು ತಾನಾಗಿ ಗುರುಗುಟ್ಟುತ್ತದೆ. ಅವನು ರಾತ್ರಿ ಹೊರಗೆ ನಿಂತು ನಕ್ಷತ್ರ ನೋಡುತ್ತಿದ್ದುದು ಯಾರಿಗೋ ನೆನಪಾಗುತ್ತದೆ. ಸ್ಟೀವ್ ಎಂಬ ಒಬ್ಬನು ಮಾತ್ರ ವಿವೇಕ ಹೇಳುತ್ತಾನೆ. ಅವನ ಮೇಲೆಯೂ ಸಂಶಯ ತಿರುಗುತ್ತದೆ. ಕತ್ತಲಲ್ಲಿ ಒಂದು ಆಕೃತಿ ನಡೆದು ಬರುವುದನ್ನು ಕಂಡು ಚಾರ್ಲಿ ಎಂಬವನು ಗುಂಡು ಹಾರಿಸುತ್ತಾನೆ. ಸತ್ತವನು ಸುದ್ದಿ ತರಲು ಹೋಗಿದ್ದ ಪೀಟ್. ಬಳಿಕ ಇಡೀ ಬೀದಿ ಹುಚ್ಚಾಗುತ್ತದೆ. ಗುಡ್ಡದ ಮೇಲೆ ನಿಂತು ನೋಡುತ್ತಿದ್ದ ಇಬ್ಬರು ಅನ್ಯಗ್ರಹದವರಿಗೆ ಮಾಡಲು ಬೇರೇನೂ ಕೆಲಸ ಉಳಿದಿರುವುದಿಲ್ಲ. ಕೆಲವು ದೀಪಗಳನ್ನು ಆರಿಸಿದರೆ ಸಾಕು, ಉಳಿದದ್ದನ್ನು ಮನುಷ್ಯರೇ ಮಾಡಿಕೊಳ್ಳುತ್ತಾರೆ.

ಅಕ್ಕಪಕ್ಕದವನು ಕಮ್ಯೂನಿಸ್ಟನಿರಬಹುದೆಂಬ ಭಯ 1950ರ ದಶಕದ ಅಮೆರಿಕವನ್ನು ಹಿಡಿದಿತ್ತು. ಸರ್ಲಿಂಗನ ಬಾಣ ತಾಗಿದ್ದು ಅಲ್ಲಿಗೆ. ಮೊದಲ ಸಲ ನೋಡಿದಾಗ ನನಗೆ ಇದೊಂದೂ ತಿಳಿಯಲಿಲ್ಲ. ಗುಡ್ಡದ ಮೇಲಿನ ವಿಚಿತ್ರ ಜೀವಿಗಳನ್ನು ಕಂಡು ಖುಷಿಯಾಯಿತು, ಅಷ್ಟೆ.

ಆದರೆ ಈ ಎರಡು ನೋಟಗಳ ನಡುವೆ 2018ರ ಮೇ ತಿಂಗಳು ಬಂದುಹೋಗಿತ್ತು. ನಾನಾಗ ಪ್ರೌಢಶಾಲೆಯ ಹುಡುಗ. ಮಕ್ಕಳನ್ನು ಕದಿಯುವವರು ಬಂದಿದ್ದಾರೆಂಬ ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿತ್ತು. ನಿಡಘಟ್ಟ ಬೆಂಗಳೂರು–ಮೈಸೂರು ಹೆದ್ದಾರಿಯ ಊರು. ಗುರುತಿಲ್ಲದವರು ಬಂದುಹೋಗುವುದು ನಮಗೆ ಹೊಸದಲ್ಲ. ಒಂದು ದಿನ ದುಪ್ಪಟಿ ಮಾರುವವನೊಬ್ಬನು ಗಂಟು ಹೊತ್ತು ಬೀದಿಗೆ ಬಂದನು. ಅವನ ಕನ್ನಡ ಸರಿಯಾಗಿರಲಿಲ್ಲ. ಮೊಬೈಲಿನ ಚಿತ್ರದಲ್ಲಿದ್ದವನು ಇವನಂತೆಯೇ ಇದ್ದನೆಂದು ಮೊದಲು ಹೇಳಿದವನು ನಾನು. ಹತ್ತು ಜನ ಸೇರಲು ಐದು ನಿಮಿಷ ಹಿಡಿಯಲಿಲ್ಲ. ನಮ್ಮ ತಾತ ಎದ್ದು ಬಂದು, ಅವನ ಕೈಹಿಡಿದು ಜಗಲಿಯ ಮೇಲೆ ಕೂರಿಸಿ, ನೀರು ಕೊಟ್ಟು, ಗಂಟು ಬಿಚ್ಚಿಸಿ ಎರಡು ದುಪ್ಪಟಿಗಳ ಬೆಲೆ ಕೇಳಿದರು. ಜನ ಚದುರಿತು. ಆತ ಮತ್ತೆ ನಮ್ಮ ಬೀದಿಗೆ ಬರಲಿಲ್ಲ. ಅದೇ ತಿಂಗಳು ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದಿದ್ದ ಯುವಕನೊಬ್ಬನನ್ನು ಇಂಥದೇ ಸಂಶಯದಿಂದ ಗುಂಪು ಹೊಡೆದು ಕೊಂದಿತು. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕಲೇಟು ಕೊಟ್ಟದ್ದೇ ಕಾರಣವಾಗಿ, ಹೈದರಾಬಾದಿನಿಂದ ಬಂದಿದ್ದ ಒಬ್ಬನು ಹತನಾದನು. ಎರಡನೆಯ ಸಲ ಆ ಕಂತನ್ನು ನೋಡುವಾಗ ನನ್ನ ಕಣ್ಣು ಗುಡ್ಡದ ಕಡೆಗೆ ಹೋಗಲಿಲ್ಲ. ಟಾಮಿಯ ಮೇಲೆಯೇ ನಿಂತಿತು.

ಮತ್ತೆ ಸರ್ಲಿಂಗನ ಜೀವನಕ್ಕೆ ಬರೋಣ. ಕಥಾಮಾಲೆ ನಿಂತ ಮೇಲೆ, ಇನ್ನು ಅದರಿಂದ ಬರುವ ಲಾಭವೇನೂ ಇಲ್ಲವೆಂದು ತಿಳಿದು ತನ್ನ ಹಕ್ಕಿನ ಪಾಲನ್ನು ಅವನು ಸಿ.ಬಿ.ಎಸ್. ಸಂಸ್ಥೆಗೆ ಮಾರಿಬಿಟ್ಟನು. ಜನ ಆ ಕಂತುಗಳನ್ನು ಮತ್ತೆ ಮತ್ತೆ ನೋಡಿಯಾರೆಂದು ಅವುಗಳ ಕರ್ತನಿಗೇ ಹೊಳೆಯಲಿಲ್ಲ. ಮರುಪ್ರಸಾರಗಳು ತಂದ ಅಪಾರ ಹಣ ಅವನಿಗೆ ಸೇರಲಿಲ್ಲ. 1968ರ ‘ಪ್ಲಾನೆಟ್ ಆಫ್ ದಿ ಏಪ್ಸ್’ ಚಿತ್ರದ ಚಿತ್ರಕಥೆಯಲ್ಲಿ ಅವನ ಪಾಲಿತ್ತು. 1970ರಿಂದ 1973ರವರೆಗೆ ನಡೆದ ‘ನೈಟ್ ಗ್ಯಾಲರಿ’ಯಲ್ಲಿ ಮುಖ ಅವನದಾಗಿದ್ದರೂ ಹತೋಟಿ ಬೇರೆಯವರದಾಗಿತ್ತು, ಅದರಿಂದ ಅವನು ನೊಂದನು. ಹಣಕ್ಕಾಗಿ ಜಾಹೀರಾತುಗಳಿಗೂ ಧ್ವನಿ ಕೊಟ್ಟನು. ಜಾಹೀರಾತುದಾರರೊಡನೆ ಅಷ್ಟು ಕಾದಾಡಿದವನು ಹೀಗೆ ಮಾಡಿದ್ದು ಅವನ ಬಾಳಿನ ವಿಪರ್ಯಾಸ. ವಿಯಟ್ನಾಂ ಯುದ್ಧವನ್ನು ಮಾತ್ರ ಬಹಿರಂಗವಾಗಿ ವಿರೋಧಿಸಿದನು. 1968ರಲ್ಲಿ ಕ್ಯಾಲಿಫೋರ್ನಿಯದ ಮೂರ್‌ಪಾರ್ಕ್ ಕಾಲೇಜಿನಲ್ಲಿ ಭಾಷಣ ಮಾಡಿದಾಗ, ಸಂಭಾವನೆ ಪಡೆಯಲು ದೇಶನಿಷ್ಠೆಯ ಪ್ರಮಾಣಪತ್ರಕ್ಕೆ ಸಹಿ ಹಾಕಬೇಕಾಗಿತ್ತು. ಅವನು ಸಹಿ ಹಾಕಲೊಲ್ಲದೆ ಹಣವನ್ನೇ ಬಿಟ್ಟನು. ಕಡೆಯ ವರ್ಷಗಳಲ್ಲಿ ನ್ಯೂಯಾರ್ಕ್ ಸಂಸ್ಥಾನದ ಇಥಾಕ ಕಾಲೇಜಿನಲ್ಲಿ ಎಳೆಯರಿಗೆ ಬರವಣಿಗೆಯ ಪಾಠ ಹೇಳುತ್ತಿದ್ದನು.

ಹಗಲಿರುಳೂ ಸಿಗರೇಟು ಸೇದಿದ ದೇಹ ತಡೆಯಲಿಲ್ಲ. 1975ರ ಬೇಸಿಗೆಯಲ್ಲಿ ಹೃದಯಾಘಾತವಾಯಿತು. ಶಸ್ತ್ರಚಿಕಿತ್ಸೆಯಾದ ಎರಡು ದಿನಗಳಿಗೆ, ಜೂನ್ 28ರಂದು, ರಾಚೆಸ್ಟರ್ ನಗರದಲ್ಲಿ ಸರ್ಲಿಂಗನು ತೀರಿಕೊಂಡನು. ವಯಸ್ಸು ಐವತ್ತು; ತಂದೆಗಿಂತಲೂ ಎರಡು ವರ್ಷ ಕಡಮೆ. ಮಡದಿಯನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ಅಗಲಿದ ಅವನಿಗೆ ಬದುಕಿನಲ್ಲಿ ಆರು ಎಮ್ಮಿ ಪ್ರಶಸ್ತಿಗಳು ದೊರೆತಿದ್ದುವು.

ಅವನು ಬರೆದುದೆಲ್ಲ ಚಿನ್ನವಲ್ಲ. ಅವಸರದಲ್ಲಿ ಬರೆದವು ಎಷ್ಟೋ ಇವೆ; ನೀತಿಯನ್ನು ತೀರ ಎತ್ತಿ ಹೇಳಿದ ಕಡೆಗಳೂ ಇವೆ. ಆದರೂ ನೆರೆಯವನ ಕ್ರೌರ್ಯವನ್ನು ನೇರವಾಗಿ ತೋರಿಸಲು ಬಿಡದ ಕಾಲದಲ್ಲಿ, ಬಾನಿನಿಂದ ಇಳಿದವರ ಕಥೆಯ ಮರೆಯಲ್ಲಿ ಅದನ್ನು ಮನೆಮನೆಯ ನಡುಮನೆಗೆ ತಂದಿಟ್ಟ ಸಾಹಸ ಅವನದು. ಆ ಕಂತು ಪ್ರಸಾರವಾಗಿ ಅರುವತ್ತಕ್ಕೂ ಹೆಚ್ಚು ವರ್ಷಗಳಾದುವು. ಅಂದು ಸುದ್ದಿ ತರಲು ಪೀಟ್ ಪಕ್ಕದ ಬೀದಿಗೆ ನಡೆದು ಹೋಗಬೇಕಾಯಿತು. ಇಂದು ಸುದ್ದಿ ನಮ್ಮ ಅಂಗೈಗೇ ಬರುತ್ತದೆ, ನಿಜವೂ ಸುಳ್ಳೂ ಒಂದೇ ವೇಗದಲ್ಲಿ. ಅದನ್ನು ಮುಂದಕ್ಕೆ ಕಳುಹಿಸುವ ಬೆರಳು ನಮ್ಮದು. ಆ ಸಂಜೆ ಕಂತು ಮುಗಿದ ಮೇಲೂ ಊರಿಗೆ ಕರೆಂಟು ಬಂದಿರಲಿಲ್ಲ. ಬೀದಿಯಲ್ಲಿ ಯಾರೋ ಟಾರ್ಚು ಹಿಡಿದು ಬರುತ್ತಿದ್ದರು. ಯಾರೆಂದು ತಿಳಿಯದಿದ್ದರೂ, ಮಳೆಯಲ್ಲಿ ನೆನೆಯಬೇಡಿ, ಜಗಲಿಗೆ ಬನ್ನಿ ಎಂದು ಕರೆದೆ.