ಶಿವನ್ಮಲೆಯ ಕಲ್ಲನ್ನು ಓದಿದವರು: ಸರ್ ಥಾಮಸ್ ಹಾಲೆಂಡ್

ಭೂಮಿ ಹೇಗೆ ಹುಟ್ಟಿತು ಎಂಬ ವಿಷಯಕ್ಕೆ ನಮ್ಮ ಜಿಲ್ಲೆಯ ನಂಟಿರುವ ಒಬ್ಬರ ಪರಿಚಯ ಈ ಸಲ.

ಕಾಂಗೇಯಂ ಹತ್ತಿರದ ಶಿವನ್ಮಲೆಗೆ ನಮ್ಮಲ್ಲಿ ಅನೇಕರು ಹೋಗಿದ್ದೀರಿ. ಮುರುಗನ ದರ್ಶನ ಮಾಡಿ, ಉತ್ತರವು ಪೆಟ್ಟಿಗೆಯಲ್ಲಿ ಈಗ ಏನಿಟ್ಟಿದ್ದಾರೆ ಎಂದು ನೋಡಿ ಇಳಿಯುತ್ತೇವೆ. ಕಾಲ ಕೆಳಗಿನ ಕಲ್ಲನ್ನು ಯಾರೂ ನೋಡುವುದಿಲ್ಲ. ಆ ಕಲ್ಲಿನ ಬಗ್ಗೆಯೇ 1901ರಲ್ಲಿ ಒಂದು ಗ್ರಂಥ ಬಂತು. ಬರೆದವರು ಥಾಮಸ್ ಹೆನ್ರಿ ಹಾಲೆಂಡ್.

ಹಾಲೆಂಡರು 1868ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ಹುಟ್ಟಿದರು. 1890ರಲ್ಲಿ, ಇನ್ನೂ 22 ತುಂಬದ ವಯಸ್ಸಿನಲ್ಲಿ, ಭಾರತದ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಗೆ ಬಂದರು. ಮದರಾಸಿನ ಪಲ್ಲಾವರಂ, ಸೇಂಟ್ ಥಾಮಸ್ ಮೌಂಟ್ ಕಡೆ ಸಿಗುವ ಕಪ್ಪು ಛಾಯೆಯ ಗಟ್ಟಿ ಕಲ್ಲೊಂದು ಅವರ ಮನಸ್ಸು ಸೆಳೆಯಿತು. ಕಲ್ಕತ್ತೆಯಲ್ಲಿ ಕಂಪನಿಯ ನೆಲೆ ಊರಿಸಿದ ಜಾಬ್ ಚಾರ್ನೊಕ್‌ನ ಸಮಾಧಿಗೆ ಹಾಸಿದ್ದೂ ಅದೇ ಕಲ್ಲು. 1893ರಲ್ಲಿ ಹಾಲೆಂಡರು ಅದಕ್ಕೆ ಚಾರ್ನೊಕೈಟ್ ಎಂದು ಹೆಸರಿಟ್ಟರು. ಇಂದು ಅಂಟಾರ್ಕ್ಟಿಕಾದಲ್ಲಿ ಸಿಕ್ಕರೂ ಅದೇ ಹೆಸರು! ನಮ್ಮ ಮೇಟ್ಟುಪಾಳಯದಿಂದ ಮೇಲೇರಿದರೆ ಕಾಣುವ ನೀಲಗಿರಿಯ ಬಹುಭಾಗ ಈ ಕಲ್ಲೇ.

ಮರುವರ್ಷ ಗಢ್ವಾಲದಲ್ಲಿ ಬೆಟ್ಟ ಕುಸಿದು ನದಿಗೆ ಅಡ್ಡವಾಗಿ ದೊಡ್ಡ ಕೆರೆ ನಿಂತಿತ್ತು. ಅದು ಯಾವಾಗ ಉಕ್ಕೀತು ಎಂದು ಪರೀಕ್ಷಿಸಲು ಇವರನ್ನೇ ಕಳಿಸಿದರು. ಆಗಸ್ಟ್ ತಿಂಗಳೆಂದರು, ಆಗಸ್ಟ್‌ನಲ್ಲೇ ಉಕ್ಕಿತು. ಮೊದಲೇ ಜನರನ್ನು ತೆರವು ಮಾಡಿಸಿದ್ದರಿಂದ ಸಾವಿರಾರು ಜೀವ ಉಳಿಯಿತು.

ಶಿವನ್ಮಲೆಗೆ ಬರೋಣ. ಸಾಮಾನ್ಯ ಗ್ರಾನೈಟಿನಲ್ಲಿ ಬೆಣಚುಕಲ್ಲಿನ ಹರಳು ಇರುತ್ತದೆ. ಇಲ್ಲಿಯ ಕಲ್ಲಿನಲ್ಲಿ ಇಲ್ಲ. ಒಳಗಿನಿಂದ ಉಕ್ಕಿಬಂದ ಕರಗಿದ ಕಲ್ಲಿನಲ್ಲಿ ಸಿಲಿಕಾ ಕಡಿಮೆ, ಅಲ್ಯೂಮಿನಾ ಹೆಚ್ಚು; ಹೀಗಾಗಿ ಕೆಲವು ಕಡೆ ಕೊರಂಡಮ್ ಹರಳುಗಟ್ಟಿದೆ. ಸಾಣೆಗೆ ಬಳಸುವ ಈ ಕಲ್ಲಿನ ಇಂಗ್ಲಿಷ್ ಹೆಸರು ತಮಿಳಿನ ಕುರುಂದಂ ಎಂಬ ಮಾತಿನಿಂದಲೇ ಹೋದದ್ದು.

ಆ ಕಾಲದಲ್ಲಿ ಭೂಮಿಯ ವಯಸ್ಸು 2ರಿಂದ 4 ಕೋಟಿ ವರ್ಷ ಎಂದು ಲಾರ್ಡ್ ಕೆಲ್ವಿನ್ ಹೇಳಿದ್ದರು. ಅಷ್ಟು ದೊಡ್ಡವರ ಲೆಕ್ಕ ಬಿಗಿ ಅಂಗಿಯಂತೆ ಭೂವಿಜ್ಞಾನಿಗಳನ್ನು ಕಟ್ಟಿಹಾಕಿತ್ತು. 1956ರಲ್ಲಿ ಉಲ್ಕೆಯಲ್ಲಿನ ಸೀಸವನ್ನು ಅಳೆದು ಕ್ಲೇರ್ ಪ್ಯಾಟರ್ಸನ್ ಎಂಬುವರು 455 ಕೋಟಿ ವರ್ಷ ಎಂದು ಖಚಿತಪಡಿಸಿದರು. ಅನಿಲ, ಧೂಳಿನ ಮೋಡವೊಂದು ಕುಸಿದು ನಡುವೆ ಸೂರ್ಯನಾಯಿತು. ಸುತ್ತ ಉಳಿದ ಧೂಳು ಅಂಟಿಕೊಂಡು, ಡಿಕ್ಕಿ ಹೊಡೆದು ಗ್ರಹಗಳಾದವು. ಡಿಕ್ಕಿಯ ಕಾವಿಗೆ ಭೂಮಿ ಕರಗಿತು, ಕಬ್ಬಿಣ ನಡುವಿಗೆ ಇಳಿಯಿತು, ಹಗುರ ಭಾಗ ಮೇಲೆ ಕೆನೆಗಟ್ಟಿತು. ಆ ಮೊದಲ ಕೆನೆ ಈಗ ಹೆಚ್ಚುಕಡಿಮೆ ಉಳಿದೇ ಇಲ್ಲ. ಉಳಿದ ಹಳೆಯ ತುಣುಕುಗಳಲ್ಲಿ ಹಾಸನ ಜಿಲ್ಲೆಯ ಗೊರೂರಿನ ಕಲ್ಲು ಒಂದು, ಸುಮಾರು 330 ಕೋಟಿ ವರ್ಷದ್ದು. ಹೌದು, ರಾಮಸ್ವಾಮಿ ಅಯ್ಯಂಗಾರರ ಗೊರೂರೇ. ನೀಲಗಿರಿಯ ಚಾರ್ನೊಕೈಟ್‌ಗೆ ಸುಮಾರು 250 ಕೋಟಿ. ಶಿವನ್ಮಲೆ ಇವುಗಳ ಮುಂದೆ ತೀರಾ ಎಳೆಯದು.

ಹಾಲೆಂಡರಿಗೆ ಇದೊಂದೂ ಗೊತ್ತಾಗಲಿಲ್ಲ. 1903ರಲ್ಲಿ ಇಲಾಖೆಯ ನಿರ್ದೇಶಕರಾದರು, ಸರ್ ಪದವಿ ಬಂತು, 1916ರಿಂದ ಕೈಗಾರಿಕಾ ಆಯೋಗದ ಅಧ್ಯಕ್ಷರಾದರು, ಕೊನೆಗೆ ಎಡಿನ್‌ಬರೋ ವಿಶ್ವವಿದ್ಯಾಲಯದ ಮುಖ್ಯಸ್ಥರು. ಅಧಿಕಾರ ಬಂದ ಮೇಲೆ ಕಲ್ಲು ಹಿಂದೆ ಸರಿಯಿತು ಎಂದೇ ನನಗನಿಸುತ್ತದೆ. 1947ರ ಮೇ ತಿಂಗಳಲ್ಲಿ ತೀರಿಕೊಂಡರು.

ಚಾರ್ನೊಕೈಟ್ ಕರಗಿದ ಕಲ್ಲು ಆರಿ ಆದದ್ದು ಎಂದು ಅವರು ನಂಬಿದ್ದರು. 1960ರಲ್ಲಿ ಮೈಸೂರು ರಾಜ್ಯದ ಭೂವಿಜ್ಞಾನಿ ಸಿ. ಎಸ್. ಪಿಚ್ಚಮುತ್ತು ಅವರು ಕನಕಪುರ ಕಡೆಯ ಕಬ್ಬಾಳದುರ್ಗದಲ್ಲಿ ಬೇರೆಯೇ ಸಾಕ್ಷ್ಯ ತೋರಿಸಿದರು. ಬೂದು ಕಲ್ಲು ನೆಲದಾಳದ ಕಾವಿನಲ್ಲಿ, ಪೂರ್ತಿ ಕರಗದೆಯೇ, ಅಲ್ಲಲ್ಲಿ ಚಾರ್ನೊಕೈಟ್ ಆಗಿ ಬದಲಾಗಿದೆ. ಕಬ್ಬಾಳಮ್ಮನ ದರ್ಶನಕ್ಕೆ ಹೋಗುವ ಸದಸ್ಯರು ಅಲ್ಲಿಯ ಬಂಡೆಗಳನ್ನೂ ನೋಡಿ: ಬೂದು ಮೈಮೇಲೆ ಎಣ್ಣೆ ಚೆಲ್ಲಿದಂತೆ ಕಪ್ಪು ಮಚ್ಚೆಗಳು.