ಸೊಳ್ಳೆಗೆ ಲೆಕ್ಕ ಹಾಕಿದ ಡಾಕ್ಟರ್: ಸರ್ ರೊನಾಲ್ಡ್ ರಾಸ್

ಮಲೇರಿಯಾ ಸೊಳ್ಳೆಯಿಂದ ಹರಡುತ್ತದೆಂದು ಕಂಡುಹಿಡಿದವರು ಯಾರು ಎಂದು ಕೇಳಿದರೆ ನಮ್ಮ ಪ್ರೌಢಶಾಲೆಯ ಮಕ್ಕಳು ಥಟ್ಟನೆ ಸರ್ ರೊನಾಲ್ಡ್ ರಾಸ್ ಎನ್ನುತ್ತಾರೆ. ಒಂದು ಅಂಕದ ಉತ್ತರ ಅಲ್ಲಿಗೆ ಮುಗಿಯಿತು. ಆದರೆ ಅದೇ ರಾಸ್ ರೋಗದ ಏರಿಳಿತವನ್ನು ಬೀಜಗಣಿತದ ಸಮೀಕರಣದಲ್ಲಿ ಬರೆದು ತೋರಿಸಿದವರು ಎಂಬುದು ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಜೀವಶಾಸ್ತ್ರ ತೆಗೆದುಕೊಂಡರೆ ಗಣಿತದ ಕಾಟ ತಪ್ಪಿತು ಎಂದುಕೊಂಡಿರುವ ವಿದ್ಯಾರ್ಥಿಗಳು ಮುಂದಿನದನ್ನು ಗಮನವಿಟ್ಟು ಓದಬೇಕಾಗಿ ವಿನಂತಿ.

ರಾಸ್ ಹುಟ್ಟಿದ್ದು 1857ರ ಮೇ 13ರಂದು, ಹಿಮಾಲಯದ ಅಲ್ಮೋರಾದಲ್ಲಿ. ತಂದೆ ಸೈನ್ಯದ ಅಧಿಕಾರಿ. ಮಗನಿಗೆ ಕವಿಯೋ ಚಿತ್ರಕಾರನೋ ಆಗುವ ಆಸೆ. ತಂದೆಯ ಒತ್ತಾಯಕ್ಕೆ ವೈದ್ಯಕೀಯ ಓದಿ 1881ರಲ್ಲಿ ಇಂಡಿಯನ್ ಮೆಡಿಕಲ್ ಸರ್ವಿಸ್ ಸೇರಿದರು. ಸೇವೆಯ ಮೊದಲ ವರ್ಷಗಳಲ್ಲಿ ಬಿಡುವು ಸಿಕ್ಕಾಗಲೆಲ್ಲ ಗುರುವಿಲ್ಲದೆ ತಾವೇ ಗಣಿತ ಕಲಿತರು.

1883ರಲ್ಲಿ ಅವರು ಬೆಂಗಳೂರಿಗೆ ಬಂದರು. ಬಂಗಲೆಯಲ್ಲಿ ವಿಪರೀತ ಸೊಳ್ಳೆ. ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಮರಿಗಳು ಮಿಜಿಗುಟ್ಟುತ್ತಿದ್ದವು. ತೊಟ್ಟಿಯನ್ನು ಮಗುಚಿ ಹಾಕಿದರು, ಸೊಳ್ಳೆ ಕಡಿಮೆಯಾಯಿತು. ಉಳಿದ ಕಡೆಯೂ ಹೀಗೆ ಮಾಡೋಣವೆಂದರೆ ಮೇಲಿನ ಅಧಿಕಾರಿ ಒಪ್ಪಲಿಲ್ಲ. 1895ರಲ್ಲಿ ಕಾಲರಾ ತಡೆಯುವ ಕೆಲಸಕ್ಕಾಗಿ ಮತ್ತೆ ಬೆಂಗಳೂರಿಗೇ ಬಂದರು. ಅಷ್ಟರಲ್ಲಿ ಲಂಡನ್ನಿನ ಪ್ಯಾಟ್ರಿಕ್ ಮ್ಯಾನ್ಸನ್ ಅವರಿಂದ ಸೊಳ್ಳೆಯ ಗುಮಾನಿ ಅವರ ತಲೆ ಹೊಕ್ಕಿತ್ತು. 1897ರಲ್ಲಿ ಊಟಿಯಿಂದ ಮಸಿನಗುಡಿ ಕಡೆಗೆ ಇಳಿಯುವ ಸೀಗೂರು ಘಾಟಿಗೆ ಹೋದಾಗ ಸ್ವತಃ ಅವರಿಗೇ ಮಲೇರಿಯಾ ಬಂತು. ನಮ್ಮ ಚಾಮರಾಜನಗರ ಜಿಲ್ಲೆಯ ಗಡಿಗೆ ಅದು ದೂರವಲ್ಲ. ನಮ್ಮ ಕೊಳ್ಳೇಗಾಲ ಸೀಮೆ ಆಗ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಕಾಡಂಚಿನ ಊರುಗಳ ಹಿರಿಯರಿಗೆ ಚಳಿಜ್ವರದ ಪರಿಚಯವನ್ನು ನಾನು ಮಾಡಿಕೊಡಬೇಕಾಗಿಲ್ಲ.

ಮುಂದಿನ ಕಥೆ ಸಿಕಂದರಾಬಾದಿನದು. ಹುಸೇನ್ ಖಾನ್ ಎಂಬ ರೋಗಿಯನ್ನು ಸೊಳ್ಳೆಗಳಿಂದ ಕಚ್ಚಿಸಿ, ಒಂದು ಸೊಳ್ಳೆಗೆ ಒಂದಾಣೆಯಂತೆ ಕೊಟ್ಟರು. 1897ರ ಆಗಸ್ಟ್ 20ರಂದು ಆ ಸೊಳ್ಳೆಗಳಲ್ಲಿ ಒಂದರ ಹೊಟ್ಟೆ ಸೀಳಿ ನೋಡಿದಾಗ ಜಠರದ ಗೋಡೆಯಲ್ಲಿ ಮಲೇರಿಯಾ ಜೀವಿ ಕಂಡಿತು. ಮರುವರ್ಷ ಕಲ್ಕತ್ತೆಯಲ್ಲಿ ಮಹಮ್ಮದ್ ಬಕ್ಷ್ ಎಂಬ ಸಹಾಯಕನ ನೆರವಿನಿಂದ, ಹಕ್ಕಿಯಿಂದ ಹಕ್ಕಿಗೆ ಸೊಳ್ಳೆ ರೋಗ ಒಯ್ಯುವುದನ್ನು ಸಾಬೀತುಪಡಿಸಿದರು. 1902ರಲ್ಲಿ ನೊಬೆಲ್ ಬಂತು. ಖಾನ್, ಬಕ್ಷ್ ಇವರ ಹೆಸರು ಪಠ್ಯಪುಸ್ತಕದಲ್ಲಿ ಬಂದಿದ್ದರೆ ಚೆನ್ನಾಗಿತ್ತೆಂದು ನನ್ನ ಅನಿಸಿಕೆ.

ಅಸಲು ಜಗಳ ಆಮೇಲೆ ಶುರುವಾಯಿತು. ಸೊಳ್ಳೆ ಕಡಿಮೆ ಮಾಡಿ ಮಲೇರಿಯಾ ತಡೆಯಬಹುದು ಎಂಬುದು ರಾಸ್ ವಾದ. ಲಾಹೋರಿನ ಪಕ್ಕದ ಮಿಯಾನ್ ಮೀರ್ ದಂಡಿನಲ್ಲಿ 1902ರಿಂದ ಇದನ್ನು ಪ್ರಯೋಗಿಸಿ ನೋಡಿದ ಅಧಿಕಾರಿಗಳು ಫಲವಿಲ್ಲವೆಂದು ಕೈಚೆಲ್ಲಿದರು. ಎಲ್ಲ ಸೊಳ್ಳೆಯನ್ನೂ ಕೊಲ್ಲಲು ಯಾರಿಂದಾದೀತು? ಕೇಳುವುದಕ್ಕೆ ನ್ಯಾಯವಾದ ಪ್ರಶ್ನೆಯೇ. ಪ್ರತಿವರ್ಷ ಲಕ್ಷಾಂತರ ಜನ ಸಾಯುತ್ತಿದ್ದ ರೋಗಕ್ಕೆ ಹಣ ಸಿಗುವುದೋ ಇಲ್ಲವೋ ಎಂಬುದು ಇದರ ಉತ್ತರದ ಮೇಲೆ ನಿಂತಿತ್ತು.

ರಾಸ್ ಉತ್ತರವನ್ನು ಗಣಿತದಲ್ಲಿ ಹುಡುಕಿದರು. ಮಾರಿಷಸ್ ದ್ವೀಪದ ಮಲೇರಿಯಾ ಕುರಿತ 1908ರ ವರದಿಯಲ್ಲಿ ಮೊದಲ ಲೆಕ್ಕ ಬಂತು. 1911ರಲ್ಲಿ ಅದನ್ನು ಇನ್ನಷ್ಟು ತಿದ್ದಿ ಬೆಳೆಸಿದರು. ನೀವೂ ಒಂದು ಕಾಗದ ತೆಗೆದುಕೊಳ್ಳಿ. ರೋಗ ದಾಟಬೇಕಾದರೆ ಸೊಳ್ಳೆ ರೋಗಿಯನ್ನು ಕಚ್ಚಬೇಕು, ರೋಗಾಣು ಅದರೊಳಗೆ ಬಲಿಯುವವರೆಗೆ ಹತ್ತು ಹನ್ನೆರಡು ದಿನ ಬದುಕಿರಬೇಕು, ಬಳಿಕ ಇನ್ನೊಬ್ಬರನ್ನು ಕಚ್ಚಬೇಕು. ರೋಗಿಯ ಸುತ್ತಲಿನ ಸೊಳ್ಳೆಗಳಲ್ಲಿ ನಾಲ್ಕರಲ್ಲಿ ಒಂದು ಅವನನ್ನು ಕಚ್ಚುತ್ತದೆ, ಕಚ್ಚಿದ ಮೂರರಲ್ಲಿ ಒಂದು ಅಷ್ಟು ದಿನ ಬದುಕುತ್ತದೆ, ಬದುಕಿದ ನಾಲ್ಕರಲ್ಲಿ ಒಂದು ಇನ್ನೊಬ್ಬರನ್ನು ಕಚ್ಚುತ್ತದೆ ಎಂದಿಟ್ಟುಕೊಳ್ಳಿ. ಗುಣಿಸಿದರೆ 48ರಲ್ಲಿ ಒಂದು. ಅಂದರೆ ರೋಗಿ ಗುಣವಾಗುವುದರೊಳಗೆ 48 ಸೊಳ್ಳೆ ಸಿಕ್ಕರೆ ಒಬ್ಬ ಹೊಸ ರೋಗಿ, 96 ಸಿಕ್ಕರೆ ಇಬ್ಬರು. 24 ಮಾತ್ರವಾದರೆ? ಹತ್ತು ರೋಗಿಗಳಿಂದ ಐವರು, ಐವರಿಂದ ಇಬ್ಬರೋ ಮೂವರೋ. ಸೊಳ್ಳೆ ಊರಿನಲ್ಲಿ ಇದ್ದೇ ಇರುತ್ತದೆ, ರೋಗ ಮಾತ್ರ ಕರಗಿಹೋಗುತ್ತದೆ. ತಲೆಗೆ ಸುಮಾರು 40 ಅನಾಫಿಲೀಸ್ ಸೊಳ್ಳೆಗಿಂತ ಕೆಳಗಿಳಿದರೆ ಸಾಕೆಂದು ರಾಸ್ ಅಂದಾಜು ಮಾಡಿದರು. ಕೊನೆಯ ಸೊಳ್ಳೆಯವರೆಗೂ ಹೋಗಬೇಕಾಗಿಲ್ಲ!

ನೊಬೆಲ್ ತಂದ ಶೋಧಕ್ಕಿಂತ ಈ ಲೆಕ್ಕವೇ ತಮ್ಮ ಮುಖ್ಯ ಕೆಲಸವೆಂದು ಅವರು ಭಾವಿಸಿದ್ದರು. ಹಿಲ್ಡಾ ಹಡ್ಸನ್ ಎಂಬ ಗಣಿತಜ್ಞೆಯೊಡನೆ ಸೇರಿ 1917ರಲ್ಲಿ ಇದನ್ನು ಬೇರೆ ಸಾಂಕ್ರಾಮಿಕಗಳಿಗೂ ವಿಸ್ತರಿಸಿದರು. (ನಮ್ಮ ಹೆಣ್ಣುಮಕ್ಕಳು ಈ ಹೆಸರನ್ನು ಬರೆದಿಟ್ಟುಕೊಳ್ಳಲಿ.) ಅವರಿಂದ ಪ್ರೇರಣೆ ಪಡೆದ ಡಾಕ್ಟರ್ ಮೆಕೆಂಡ್ರಿಕ್, ಕೆರ್ಮ್ಯಾಕ್ ಜೊತೆಗೂಡಿ 1927ರಲ್ಲಿ ಮುಂಬಯಿಯ ಪ್ಲೇಗು ಸಾವುಗಳ ಅಂಕಿಗಳಿಗೆ ಸಮೀಕರಣ ಹೊಂದಿಸಿದರು. 2020ರಲ್ಲಿ ಕೊರೊನಾ ಬಂದಾಗ ಒಬ್ಬರಿಂದ ಎಷ್ಟು ಮಂದಿಗೆ ಎಂದು ಟಿ.ವಿ.ಯಲ್ಲಿ ದಿನವೂ ಕೇಳುತ್ತಿದ್ದೆವಲ್ಲ, ಅದು ಇದೇ ವಂಶದ ಲೆಕ್ಕ. ಕೈಯಲ್ಲಿ ಬಿಡಿಸುತ್ತಿದ್ದುದನ್ನು ಈಗ ಕಂಪ್ಯೂಟರ್ ಬಿಡಿಸುತ್ತದೆ, ಅಷ್ಟೇ.

ರಾಸ್ 1932ರ ಸೆಪ್ಟೆಂಬರ್ 16ರಂದು ಲಂಡನ್ನಿನಲ್ಲಿ ತೀರಿಕೊಂಡರು. ಅವರ ಹೆಸರಿನ ಸಂಸ್ಥೆಯ ನಿರ್ದೇಶಕರಾಗಿದ್ದ ಜಾರ್ಜ್ ಮ್ಯಾಕ್‌ಡೊನಾಲ್ಡ್ 1950ರ ದಶಕದಲ್ಲಿ ಆ ಸಮೀಕರಣವನ್ನು ಮತ್ತೆ ಕೈಗೆತ್ತಿಕೊಂಡು, ಮರಿಗಳನ್ನು ಕಡಿಮೆ ಮಾಡುವುದಕ್ಕಿಂತ ದೊಡ್ಡ ಸೊಳ್ಳೆಯ ಆಯುಷ್ಯ ಕತ್ತರಿಸುವುದು ಹೆಚ್ಚು ಪರಿಣಾಮಕಾರಿ ಎಂದು ತೋರಿಸಿದರು. ನಮ್ಮ ದೇಶದಲ್ಲಿ 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾಗಿ, ಪಂಪು ಹೊತ್ತ ಸಿಬ್ಬಂದಿ ಹಳ್ಳಿಹಳ್ಳಿಗೂ ಬಂದು ಮನೆಯ ಒಳಗೋಡೆಗೆ ಡಿ.ಡಿ.ಟಿ. ಹೊಡೆದದ್ದು ಆ ಗೋಡೆಯ ಮೇಲೆ ಕೂರುವ ದೊಡ್ಡ ಸೊಳ್ಳೆಗಾಗಿಯೇ.