ಬಟಾಣಿ ತೋಟದ ಗುರು: ಗ್ರೆಗರ್ ಮೆಂಡೆಲ್

ಕಲಬುರಗಿಯ ಸೇಡಂ ರಸ್ತೆಯ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಮಹಾವಿದ್ಯಾಲಯದಲ್ಲಿ ಓದುವ ಯುವಜನರಾಗಲಿ, ಹತ್ತನೆಯ ತರಗತಿಯ ನಮ್ಮ ಮಕ್ಕಳಾಗಲಿ, ಅನುವಂಶೀಯತೆಯ ಪಾಠಕ್ಕೆ ಬಂದೊಡನೆ ಸಂಧಿಸುವ ಮೊದಲ ಹೆಸರು ಗ್ರೆಗರ್ ಮೆಂಡೆಲ್. ಅವರು ಕಥೋಲಿಕ ಗುರುಗಳಾಗಿದ್ದರೆಂಬುದು ಪಾಠದಲ್ಲಿ ಒಂದು ಮಾತಿನಲ್ಲಿ ಮುಗಿಯುತ್ತದೆ. ಅವರ ಬದುಕನ್ನು ತುಸು ವಿವರವಾಗಿ ಅರಿತುಕೊಳ್ಳೋಣ.

1822ರ ಜುಲೈ ತಿಂಗಳಲ್ಲಿ, ಈಗಿನ ಚೆಕ್ ಗಣರಾಜ್ಯದ ಹೈಂಜೆಂಡಾರ್ಫ್ ಎಂಬ ಹಳ್ಳಿಯ ರೈತ ಕುಟುಂಬದಲ್ಲಿ ಅವರು ಜನಿಸಿದರು. ಜ್ಞಾನಸ್ನಾನದ ಹೆಸರು ಯೊಹಾನ್. ಮರದ ದಿಮ್ಮಿ ಬಿದ್ದು ತಂದೆ ದುಡಿಯುವ ಶಕ್ತಿಯನ್ನು ಕಳೆದುಕೊಂಡಾಗ ಮಗನ ಓದು ನಿಲ್ಲುವಂತಾಯಿತು. ಆಗ ತಂಗಿ ತೆರೇಸಿಯಾ ತನ್ನ ಮದುವೆಗೆಂದು ಇಟ್ಟಿದ್ದ ಪಾಲಿನಲ್ಲಿ ಒಂದು ಭಾಗವನ್ನು ಅಣ್ಣನ ಓದಿಗೆ ಬಿಟ್ಟುಕೊಟ್ಟಳು. ಆ ಋಣವನ್ನು ಅವರು ಮರೆಯದೆ, ಮುಂದೆ ಆಕೆಯ ಮಕ್ಕಳ ವಿದ್ಯಾಭ್ಯಾಸಕ್ಕೆ ನೆರವಾದರು.

1843ರಲ್ಲಿ ಬ್ರನೋ ನಗರದ ಸಂತ ತೋಮಸರ ಅಗಸ್ತೀನ್ ಮಠವನ್ನು ಸೇರಿ ಗ್ರೆಗರ್ ಎಂಬ ಹೆಸರು ಪಡೆದರು; 1847ರಲ್ಲಿ ಗುರುದೀಕ್ಷೆ ಸ್ವೀಕರಿಸಿದರು. ಶಿಕ್ಷಕರ ಅರ್ಹತಾ ಪರೀಕ್ಷೆಯಲ್ಲಿ 1850ರಲ್ಲಿ ಅನುತ್ತೀರ್ಣರಾದರು. ಮಠಾಧ್ಯಕ್ಷರಾದ ನಾಪ್ ಅವರು ಅವರನ್ನು ವಿಯೆನ್ನಾ ವಿಶ್ವವಿದ್ಯಾಲಯಕ್ಕೆ ಕಳುಹಿಸಿದರು. 1856ರ ಎರಡನೆಯ ಪ್ರಯತ್ನವೂ ಫಲಿಸಲಿಲ್ಲ. ಅದೇ ವರ್ಷ ಮಠದ ತೋಟದಲ್ಲಿ ಬಟಾಣಿಯ ಪ್ರಯೋಗಗಳು ಆರಂಭವಾದವು.

ಕಮಲಾಪುರದ ಕೆಂಬಾಳೆಯನ್ನು ಕಂದಿನಿಂದ ಬೆಳೆಸುವುದರಿಂದ ಮರಿಗಿಡವು ತಾಯಿಗಿಡದ ಗುಣವನ್ನೇ ಹೊತ್ತು ಬರುತ್ತದೆ. ನಮ್ಮ ತೊಗರಿಯಲ್ಲಿ ದುಂಬಿ, ಜೇನುಗಳು ಪರಾಗವನ್ನು ಹೊಲದಿಂದ ಹೊಲಕ್ಕೆ ಬೆರೆಸಿಬಿಡುತ್ತವೆ. ಬಟಾಣಿಯ ಹೂವಾದರೋ ಮುಚ್ಚಿದ ದಳಗಳೊಳಗೆ ತಾನೇ ಪರಾಗಸ್ಪರ್ಶ ಹೊಂದುತ್ತದೆ. ಆದ್ದರಿಂದ ಯಾವ ಗಿಡವನ್ನು ಯಾವುದರೊಡನೆ ಕೂಡಿಸಬೇಕೆಂಬುದು ಪ್ರಯೋಗಕಾರನ ಕೈಯಲ್ಲಿರುತ್ತದೆ. ಮೆಂಡೆಲರು ಸುಮಾರು 28,000 ಗಿಡಗಳನ್ನು ಬೆಳೆಸಿ ಏಳು ಗುಣಗಳನ್ನು ಗಮನಿಸಿದರು. ದುಂಡು ಬೀಜದ ಗಿಡವನ್ನೂ ಸುಕ್ಕು ಬೀಜದ ಗಿಡವನ್ನೂ ಕೂಡಿಸಿದಾಗ ಮೊದಲ ಪೀಳಿಗೆಯಲ್ಲಿ ದುಂಡು ಬೀಜಗಳೇ ಬಂದವು. ಎರಡನೆಯ ಪೀಳಿಗೆಯಲ್ಲಿ 5,474 ದುಂಡು, 1,850 ಸುಕ್ಕು. ಅಂದರೆ ಸರಿಸುಮಾರು ಮೂರಕ್ಕೆ ಒಂದು. ಮರೆಯಾದ ಗುಣ ನಾಶವಾಗಿರಲಿಲ್ಲ, ಅಡಗಿತ್ತು. ತಂದೆಯಿಂದ ಒಂದು, ತಾಯಿಯಿಂದ ಒಂದು ಅಂಶ ಬರುತ್ತದೆಂದು ಅವರು ತೀರ್ಮಾನಿಸಿದರು.

1865ರಲ್ಲಿ ಎರಡು ಉಪನ್ಯಾಸಗಳಲ್ಲಿ ಈ ಫಲಿತಾಂಶವನ್ನು ವಿವರಿಸಿದರು. ಮರುವರ್ಷ ಅದು ಅಚ್ಚಾಯಿತು. ವಿದ್ವಾಂಸರು ಬಹುಮಟ್ಟಿಗೆ ಲಕ್ಷ್ಯ ಕೊಡಲಿಲ್ಲ. 1868ರಲ್ಲಿ ಮಠಾಧ್ಯಕ್ಷರಾದ ಮೇಲೆ ಆಡಳಿತದ ಹೊರೆಯೂ, ಮಠದ ಮೇಲೆ ಸರ್ಕಾರ ಹೇರಿದ ತೆರಿಗೆಯ ವ್ಯಾಜ್ಯವೂ ಅವರ ಸಮಯವನ್ನೆಲ್ಲ ನುಂಗಿದವು. 1884ರ ಜನವರಿ 6ರಂದು, ಮೂರು ಅರಸರ ಹಬ್ಬದ ದಿನ, ಮೂತ್ರಪಿಂಡದ ಕಾಯಿಲೆಯಿಂದ ದೈವಾಧೀನರಾದರು. 1900ರಲ್ಲಿ ಮೂವರು ವಿಜ್ಞಾನಿಗಳು ಬೇರೆ ಬೇರೆಯಾಗಿ ಅದೇ ಸತ್ಯವನ್ನು ತಲುಪಿದಾಗ ಲೋಕವು ಅವರ ಹೆಸರನ್ನು ಗುರುತಿಸಿತು.

ಈ ಪಾಠ ಮಕ್ಕಳ ಪರೀಕ್ಷೆಗೆ ಮಾತ್ರ ಸೀಮಿತವಲ್ಲ. ಥಲಸ್ಸೇಮಿಯಾದಂತಹ ರಕ್ತರೋಗ ಸುಕ್ಕು ಬೀಜದ ಗುಣದಂತೆಯೇ ಅಡಗಿರುತ್ತದೆ. ಆರೋಗ್ಯವಂತರಾಗಿ ಕಾಣುವ ತಂದೆತಾಯಿಗಳಿಬ್ಬರೂ ಅದರ ವಾಹಕರಾಗಿದ್ದರೆ, ಪ್ರತಿಯೊಂದು ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯವಿದೆ. ರಕ್ತಸಂಬಂಧಿಗಳಲ್ಲಿ ಒಂದೇ ದೋಷ ಇಬ್ಬರಲ್ಲೂ ಇರುವ ಸಂಭವ ಹೆಚ್ಚು. ಸೋದರಮಾವ, ಸೋದರತ್ತೆಯ ಮಕ್ಕಳೊಡನೆ ಸಂಬಂಧ ಬೆಳೆಸುವ ರೂಢಿ ನಮ್ಮ ಭಾಗದಲ್ಲಿ ಇನ್ನೂ ಉಳಿದಿದೆ. ಧರ್ಮಸಭೆಯ ಕಾನೂನು ಇಂತಹ ವಿವಾಹವನ್ನು ನಿರ್ಬಂಧಿಸಿದ್ದು, ವಿಶೇಷ ಅನುಮತಿಯಿಲ್ಲದೆ ಅದು ಸಿಂಧುವಾಗದು. ನಿಶ್ಚಿತಾರ್ಥಕ್ಕೆ ಮುನ್ನ ಒಂದು ರಕ್ತಪರೀಕ್ಷೆ ಮಾಡಿಸುವುದರಲ್ಲಿ ಅವಮಾನವೇನಿಲ್ಲ.

ಇನ್ನೊಂದು ಮಾತು. ಹೆಣ್ಣುಮಕ್ಕಳನ್ನೇ ಹೆತ್ತಳೆಂದು ಸೊಸೆಯನ್ನು ಹಳಿಯುವ ಅತ್ತೆಯರು ಇಂದಿಗೂ ಇದ್ದಾರೆ. ತಾಯಿ ಕೊಡುವುದು ಎಕ್ಸ್ ವರ್ಣತಂತುವನ್ನು ಮಾತ್ರ; ಎಕ್ಸ್ ಅಥವಾ ವೈ ಬರುವುದು ತಂದೆಯಿಂದ. ಇದು ವಿಜ್ಞಾನಕ್ಕೆ ಬಹುಕಾಲದಿಂದ ತಿಳಿದಿದೆ. ಮಕ್ಕಳು ಶಾಲೆಯಲ್ಲಿ ಕಲಿತ ಈ ಪಾಠವನ್ನು ಮನೆಯ ಹಿರಿಯರೂ ಕೇಳಿಸಿಕೊಂಡರೆ, ಎಷ್ಟೋ ಮನೆಗಳಲ್ಲಿ ಸೊಸೆಯರ ಕಣ್ಣೀರು ನಿಂತೀತು.